ಹೆಸರೇ ಕೇಳದ ಇಂಕ್ ಪೆನ್ನು ಕೊಳ್ಳಬಹುದಾ?

ಪ್ರಶ್ನೆ:

ನಮಸ್ಕಾರ. ದಿನಾ ಮೂರು ನಾಲ್ಕು ಪುಟ ಕೈಯಲ್ಲೇ ಬರೆಯುವ ಅಭ್ಯಾಸ ನನ್ನದು. ಬಾಲ್ ಪೆನ್ನು ಹಿಡಿದು ಹಿಡಿದು ಬೆರಳು ನೋಯುತ್ತಿದೆ. ಮತ್ತೆ ಇಂಕ್ ಪೆನ್ನು ಹಿಡಿಯೋಣ ಅಂತ ಹುಡುಕುತ್ತಿದ್ದಾಗ ಕಡಿಮೆ ಬೆಲೆಯ ಒಂದು ಪೆನ್ನು ಕಣ್ಣಿಗೆ ಬಿತ್ತು. ನೋಡಲು ಚೆನ್ನಾಗಿದೆ. ಆದರೆ ಕಂಪನಿಯ ಹೆಸರು ನಾನು ಕೇಳಿಲ್ಲ, ಬಳಸಿದವರೂ ಯಾರೂ ಸಿಗಲಿಲ್ಲ. ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್ ಜರ್ಮನಿ’ ಅಂತ ಕೆತ್ತಿದ್ದಾರೆ. ಇಂಥ ಪೆನ್ನು ಒಳ್ಳೆಯದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಕೊಳ್ಳುವ ಮೊದಲು ಏನು ನೋಡಬೇಕು, ಕೊಂಡ ಮೇಲೆ ಏನು ನೋಡಬೇಕು? ನಿಮ್ಮ ಅನುಭವ ಹೇಳಿ.

ಒಬ್ಬರ ಉತ್ತರ:

ಇಂಥ ಹನ್ನೆರಡು ಪೆನ್ನು ಕೊಂಡಿದ್ದೇನೆ. ಇವತ್ತು ಇಂಕು ತುಂಬಿಕೊಂಡು ಮೇಜಿನ ಮೇಲೆ ಇರುವುದು ಮೂರು. ಉಳಿದ ಒಂಬತ್ತು ಡ್ರಾಯರ್ ಸೇರಿವೆ. ಯಾಕೆ ಸೇರಿದವು ಅಂತ ಒಂದೊಂದನ್ನೇ ನೆನೆಸಿಕೊಂಡರೆ, ನಿಬ್ಬು ಸರಿ ಇಲ್ಲದೆ ಹೋದದ್ದು ಎರಡೇ. ಮಿಕ್ಕ ಏಳಕ್ಕೂ ಕ್ಯಾಪೇ ಕಾರಣ. ಅದಕ್ಕೇ ಎಲ್ಲರೂ ಮೊದಲು ನಿಬ್ಬು ನೋಡಿ ಅಂದರೆ ನಾನು ಮೊದಲು ಕ್ಯಾಪ್ ನೋಡಿ ಅನ್ನುತ್ತೇನೆ. ನಿಬ್ಬನ್ನು ತಿದ್ದಬಹುದು, ಬದಲಿಸಬಹುದು. ಕ್ಯಾಪಿಗೆ ಅಂಥ ಯಾವ ಉಪಾಯವೂ ಇಲ್ಲ.

ಇಂಕಿನಲ್ಲಿ ಹೆಚ್ಚು ಪಾಲು ನೀರೇ ಅಲ್ವಾ? ಕ್ಯಾಪಿನೊಳಗೆ ಗಾಳಿ ಆಡಿದರೆ ಆ ನೀರು ಆರುತ್ತದೆ, ಬಣ್ಣ ನಿಬ್ಬಿನ ಸೀಳಿನಲ್ಲಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬರೆಯಲು ಕೂತರೆ ಮೊದಲ ಎರಡು ಪದ ಬರುವುದಿಲ್ಲ. ಆಮೇಲಿನ ಎರಡು ಸಾಲು ಕಡು ಬಣ್ಣದಲ್ಲಿ ಬಂದು, ಮೂರನೆಯ ಸಾಲಿಗೆ ಸರಿಹೋಗುತ್ತದೆ. ದಿನಾ ಹೀಗಾದರೆ ಯಾರಿಗಾದರೂ ಬೇಸರ ಬಂದೇ ಬರುತ್ತದೆ. ಮತ್ತೆ ಬಾಲ್ ಪೆನ್ನೇ ಕೈಗೆ ಬರುತ್ತದೆ.

ಹಾಗಾಗಿ ಮಾರುವವರು ಕೊಟ್ಟ ಫೋಟೋಗಳಲ್ಲಿ ಕ್ಯಾಪಿನ ಒಳಭಾಗ ಕಾಣುತ್ತದಾ ನೋಡಿ. ಕಾಣದಿದ್ದರೆ ಕೇಳಿ. ಒಳಗೆ ಇನ್ನೊಂದು ಪುಟ್ಟ ಪ್ಲಾಸ್ಟಿಕ್ ಕ್ಯಾಪ್ ಇರಬೇಕು. ಮುಚ್ಚಿದಾಗ ಅದರ ಅಂಚು ಬೆರಳಿಡುವ ಜಾಗದ ತುದಿಗೆ ಬಂದು ಕೂರಬೇಕು. ಪ್ಲಾಟಿನಂ ಕಂಪನಿಯ ಪ್ರೆಪಿ ಬಹಳ ಅಗ್ಗದ ಪೆನ್ನು. ಅದರಲ್ಲೂ ಸ್ಪ್ರಿಂಗ್ ಇರುವ ಒಳಕ್ಯಾಪ್ ಇದೆ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿದ್ದ ನನ್ನ ಪ್ರೆಪಿ ತೆಗೆದ ಕೂಡಲೇ ಬರೆಯಿತು. ಅಗ್ಗದ ಪೆನ್ನಲ್ಲವಾ, ಇಷ್ಟೇ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ಪೆನ್ನು ಕೈಗೆ ಬಂದ ಮೇಲೆ ಪರೀಕ್ಷೆ ಸುಲಭ. ಇಂಕು ತುಂಬಿ ಒಂದು ಪುಟ ಬರೆಯಿರಿ. ಕ್ಯಾಪ್ ಮುಚ್ಚಿ ಮಲಗಿಸಿಡಿ. ನಿಬ್ಬು ಮೇಲೆ ಮಾಡಿ ನಿಲ್ಲಿಸಿದರೆ ಇಂಕು ಹಿಂದಕ್ಕೆ ಇಳಿದು ಪರೀಕ್ಷೆಯೇ ತಪ್ಪುತ್ತದೆ. ಮೂರು ದಿನ ಮುಟ್ಟಬೇಡಿ. ನಾಲ್ಕನೆಯ ದಿನ ತೆಗೆದು, ಅಲ್ಲಾಡಿಸದೆ, ಒತ್ತದೆ ಬರೆಯಿರಿ. ಮೊದಲ ಅಕ್ಷರವೇ ಬಂದರೆ ಅರ್ಧ ಚಿಂತೆ ಹೋಯಿತು. ಆಮೇಲೆ ಒಂದು ವಾರ ಬಿಟ್ಟು ನೋಡಿ. ಮೊದಲ ದಿನ ಚೆನ್ನಾಗಿ ಬರೆಯದ ಪೆನ್ನು ಅಪರೂಪ. ಗುಣ ಗೊತ್ತಾಗುವುದು ಈ ನಾಲ್ಕನೆಯ ದಿನವೇ.

ಕ್ಯಾಪಿನ ಬಾಯಿಯನ್ನೂ ನೋಡಿ. ನನ್ನದೊಂದು ಪಾರದರ್ಶಕ ಪೆನ್ನು ಇತ್ತು, ತುಂಬಾ ಇಷ್ಟದ್ದು. ತಿಂಗಳಾಗುವ ಮೊದಲೇ ಕ್ಯಾಪಿನ ಅಂಚಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ಕಂಡಿತು. ಇಂಕಿನ ಕಲೆ ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಉಗುರು ಆಡಿಸಿದರೆ ಅಲ್ಲೇ ಸಿಕ್ಕಿಕೊಂಡಿತು. ಬಿರುಕು ಬಿಟ್ಟಿತ್ತು, ಅದರೊಳಗೆ ಇಂಕು ಸೇರಿತ್ತು. ದಿನಾ ಬಿಗಿಯಾಗಿ ತಿರುಗಿಸಿದ್ದರ ಫಲ. ಕ್ಯಾಪಿನ ಬಾಯಿಗೆ ಹಾಕುವ ಲೋಹದ ಪಟ್ಟಿ ಬರೀ ಅಂದಕ್ಕಲ್ಲ, ಬಾಯಿ ಸೀಳದಂತೆ ಹಿಡಿಯುವುದೂ ಅದರ ಕೆಲಸ ಅಂತ ಆಗ ತಿಳಿಯಿತು. ಪಟ್ಟಿ ಇಲ್ಲದಿದ್ದರೆ ಅಲ್ಲಿ ಪ್ಲಾಸ್ಟಿಕ್ಕಾದರೂ ದಪ್ಪಗಿರಬೇಕು.

ಇನ್ನು ನಿಬ್ಬು. ಇಂಕು ತುಂಬುವ ಮೊದಲು ಪೆನ್ನನ್ನು ತೊಳೆಯಿರಿ. ತಯಾರಿಸುವಾಗ ಬಳಸಿದ ಎಣ್ಣೆಯ ಪಸೆ ಎಷ್ಟೋ ಪೆನ್ನುಗಳಲ್ಲಿ ಉಳಿದಿರುತ್ತದೆ. ನಿಬ್ಬಿನ ಕೆಳಗಿರುವ ಫೀಡಿನ ಸಣ್ಣ ಕಾಲುವೆಯಲ್ಲಿ ಇಂಕು ಕೆಳಗಿಳಿಯಬೇಕು, ಅದಕ್ಕೆ ಬದಲಾಗಿ ಗಾಳಿ ಮೇಲೆ ಹೋಗಬೇಕು. 1884ರಲ್ಲಿ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ಫೀಡಿಗೇ. ಇವತ್ತಿನ ಪೆನ್ನೂ ನಡೆಯುವುದು ಹಾಗೆಯೇ. ಪಸೆ ಇದ್ದ ಕಡೆ ಇಂಕು ಹಿಡಿಯುವುದಿಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಕನ್ವರ್ಟರಿನಿಂದ, ಅಂದರೆ ಪೆನ್ನಿನೊಳಗೆ ಕೂತು ಇಂಕು ಎಳೆದುಕೊಳ್ಳುವ ಪುಟ್ಟ ಕೊಳವೆಯಿಂದ, ಎಳೆದು ಬಿಡಿ, ಆಮೇಲೆ ಬರೀ ನೀರಿನಲ್ಲಿ ಮಾಡಿ. ಇಂಕು ಸರಿಯಾಗಿ ಇಳಿಯುವುದಿಲ್ಲ ಅಂತ ವಾಪಸು ಕಳಿಸಲು ಹೊರಟಿದ್ದ ಒಂದು ಪೆನ್ನು ಇಷ್ಟಕ್ಕೇ ಸರಿಹೋಯಿತು. ಈಗಿನ ಮೂರರಲ್ಲಿ ಅದೂ ಒಂದು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇದ್ದರೆ ನಿಬ್ಬಿನ ತುದಿಯನ್ನು ನೇರ ಎದುರಿನಿಂದ ನೋಡಿ. ಎರಡು ಅರ್ಧಗಳು ಒಂದೇ ಮಟ್ಟದಲ್ಲಿರಬೇಕು. ನನ್ನ ಒಂದು ನಿಬ್ಬಿನಲ್ಲಿ ಎಡಗಡೆಯದು ಮೇಲಿತ್ತು, ಗೆರೆಯನ್ನು ಒಂದು ಕಡೆಗೆ ಎಳೆದಾಗ ಮಾತ್ರ ಕಾಗದ ಪರಚುತ್ತಿತ್ತು. ಹೆಬ್ಬೆರಳಿನ ಉಗುರಿನಿಂದ ಮೇಲಿರುವ ಅರ್ಧವನ್ನು ಮೆತ್ತಗೆ ಕೆಳಕ್ಕೆ ಒತ್ತಿ, ಒಂದೆರಡು ಕ್ಷಣ ಹಿಡಿದು ಬಿಟ್ಟೆ. ಮತ್ತೆ ನೋಡಿದೆ. ಮತ್ತೆ ಒತ್ತಿದೆ. ಐದನೆಯ ಸಲಕ್ಕೆ ಎರಡೂ ಸಮ ಬಂದವು, ಪರಚುವುದು ನಿಂತಿತು. ಅವಸರ ಮಾಡಿ ಜೋರಾಗಿ ಒತ್ತಬೇಡಿ. ಉಜ್ಜುವ ಕಾಗದವನ್ನಂತೂ ಹೊಸಬರು ಮುಟ್ಟಲೇಬೇಡಿ. ಹೆಚ್ಚು ಸವೆದದ್ದನ್ನು ತುಂಬಿಕೊಡಲು ಆಗುವುದಿಲ್ಲ.

ಒಂದು ದೋಷಕ್ಕೆ ಮಾತ್ರ ಪೆನ್ನು ವಾಪಸು ಕೊಡುವುದೇ ಒಳ್ಳೆಯದು. ನಿಬ್ಬು ಬೆಣ್ಣೆಯಂತೆ ಜಾರುತ್ತದೆ, ಆದರೆ ಅಕ್ಷರದ ಮೊದಲ ಗೆರೆ ಆಗಾಗ ಮೂಡುವುದಿಲ್ಲ. ತುದಿಯನ್ನು ಜಾಸ್ತಿ ಪಾಲಿಶ್ ಮಾಡಿ ಸೀಳಿನ ಎರಡು ಬದಿಯೂ ಒಳಮುಖವಾಗಿ ಉರುಟಾಗಿರುತ್ತವೆ. ಇಂಕು ಇರುವ ಸೀಳು ಕಾಗದವನ್ನು ಮುಟ್ಟುವುದೇ ಇಲ್ಲ. ಕನ್ನಡ ಬರೆಯುವವರಿಗೆ ಇದು ಬೇಗ ಗೊತ್ತಾಗುತ್ತದೆ. ತಲೆಕಟ್ಟು ಹಾಕಲು ಪೆನ್ನು ಎತ್ತಿ ಇಟ್ಟಾಗಲೆಲ್ಲ ತಲೆಕಟ್ಟೇ ಮಾಯ. ಹೊಸ ಪೆನ್ನು ಬಂದಾಗ ನಾನು ಒಂದು ಪುಟ ಪೂರ್ತಿ ತಲೆಕಟ್ಟಿರುವ ಅಕ್ಷರಗಳನ್ನೇ ಬರೆದು ನೋಡುತ್ತೇನೆ.

ಇನ್ನೊಬ್ಬರು:

ಕ್ಯಾಪಿನ ಬಗ್ಗೆ ಮೇಲೆ ಹೇಳಿದ್ದು ಪೂರಾ ಸರಿ. ನಿಬ್ಬಿನ ಮೇಲಿನ ಬರಹದ ಬಗ್ಗೆ ಎರಡು ಮಾತು.

‘ಇರಿಡಿಯಂ ಪಾಯಿಂಟ್ ಜರ್ಮನಿ’ ಅನ್ನುವುದು ಒಂದು ಕಂಪನಿಯ ಗುರುತಲ್ಲ. ಬೇರೆ ಬೇರೆ ತಯಾರಕರ ನಿಬ್ಬುಗಳ ಮೇಲೆ ಇದೇ ಮಾತು ಇರುತ್ತದೆ. ಅದನ್ನು ಓದಿ ನಿಬ್ಬು ಜರ್ಮನಿಯದು ಅಂತ ನಂಬಬೇಡಿ. ತುದಿಗೆ ಬೆಸೆಯುವುದು ಗಟ್ಟಿಯಾದ ಮಿಶ್ರಲೋಹ. ಎಷ್ಟೋ ನಿಬ್ಬುಗಳಲ್ಲಿ ಈಗ ಇರಿಡಿಯಂ ಅನ್ನುವ ಲೋಹ ಇರುವುದೇ ಇಲ್ಲ, ಅದರಿಂದ ನಷ್ಟವೂ ಇಲ್ಲ. ಚಿನ್ನದ ಬಣ್ಣ ಇದ್ದರೆ ಸ್ಟೀಲಿನ ಮೇಲಿನ ಲೇಪ ಅಷ್ಟೇ. ನಿಜವಾದ ಚಿನ್ನದ ನಿಬ್ಬಿನ ಮೇಲೆ ಸಾಮಾನ್ಯವಾಗಿ 14 ಕ್ಯಾರೆಟ್ಟಿಗೆ 585, 18 ಕ್ಯಾರೆಟ್ಟಿಗೆ 750 ಅಂತ ಇರುತ್ತದೆ. ಒಳ್ಳೆಯ ಸ್ಟೀಲ್ ನಿಬ್ಬು ದಿನದ ಬರವಣಿಗೆಗೆ ಧಾರಾಳ ಸಾಕು.

ಬದಲಿಗೆ ಎರಡು ವಿಷಯ ಕೇಳಿ. ನಿಬ್ಬು 5 ಅಥವಾ 6ನೇ ಸೈಜಿನದಾ? ಇವು ಜಾಸ್ತಿ ಬಳಕೆಯಲ್ಲಿರುವ ಸೈಜುಗಳು, ಜರ್ಮನಿಯ ಬಾಕ್, ಯೋವೊ ಕಂಪನಿಗಳು ಇವೇ ಸೈಜಿನಲ್ಲಿ ನಿಬ್ಬು ಮಾಡುತ್ತವೆ. ಮುಂದೆ ಬದಲಿಸಬೇಕೆಂದರೆ ದಾರಿ ಇರುತ್ತದೆ. ಸೈಜ್ ಒಂದೇ ಇದ್ದರೂ ಎಲ್ಲವೂ ಎಲ್ಲದಕ್ಕೂ ಕೂರುವುದಿಲ್ಲ, ಅದು ನೆನಪಿರಲಿ. ಎರಡನೆಯದು, ‘ಇಂಟರ್‌ನ್ಯಾಷನಲ್’ ಅಳತೆಯ ಕಾರ್ಟ್ರಿಜ್ (ಇಂಕು ತುಂಬಿಯೇ ಬರುವ ಪುಟ್ಟ ಕೊಳವೆ), ಕನ್ವರ್ಟರ್ ಹಿಡಿಯುತ್ತದಾ? ಲ್ಯಾಮಿ, ಪೈಲಟ್ ತಮ್ಮದೇ ಅಳತೆ ಇಟ್ಟುಕೊಂಡಿವೆ. ಅವು ದೊಡ್ಡ ಕಂಪನಿಗಳು, ನಾಳೆಯೂ ಸಿಗುತ್ತವೆ. ಹೆಸರಿಲ್ಲದ ಕಂಪನಿ ತನ್ನದೇ ಅಳತೆಯ ಕನ್ವರ್ಟರ್ ಇಟ್ಟಿದ್ದರೆ ಅದು ಹಾಳಾದ ದಿನ ಪೆನ್ನೂ ಮುಗಿಯಿತು. ನನ್ನ ಒಂದು ಚೆಂದದ ಪೆನ್ನು ಹಾಗೇ ಮೂಲೆ ಸೇರಿದೆ. ನಿಬ್ಬು ಈಗಲೂ ಚಿನ್ನದಂಥದ್ದು, ಇಂಕು ತುಂಬುವ ದಾರಿಯೇ ಇಲ್ಲ.

ಪರೀಕ್ಷೆಗೆ ಸಾದಾ ನೀಲಿ ಇಂಕು ಬಳಸಿ. ಚಿತ್ರ ಬರೆಯುವ ಕಪ್ಪು ಇಂಡಿಯನ್ ಇಂಕ್ ಬೇಡವೇ ಬೇಡ, ಫೀಡಿನೊಳಗೆ ಅಂಟಿ ಕೂರುತ್ತದೆ.

ಮತ್ತೊಬ್ಬರು:

ಬೆರಳು ನೋಯುತ್ತದೆ ಅಂದಿರಲ್ಲ, ಹಾಗಾದರೆ ಹಿಡಿಯುವ ಜಾಗದ ದಪ್ಪ ನೋಡದೆ ಕೊಳ್ಳಬೇಡಿ. ಈಗ ನಿಮ್ಮ ಹತ್ತಿರ ಇರುವುದರಲ್ಲಿ ಕೈಗೆ ಒಗ್ಗಿದ ಪೆನ್ನು ಯಾವುದೋ ಅದಕ್ಕೆ ದಾರ ಒಂದು ಸುತ್ತು ಸುತ್ತಿ ಗುರುತು ಮಾಡಿ. ಬಿಚ್ಚಿ ಅಳೆಯಿರಿ, ಬಂದದ್ದನ್ನು 3.14ರಿಂದ ಭಾಗಿಸಿ. ನನಗೆ 33 ಮಿಲಿಮೀಟರ್ ಬಂತು, ಅಂದರೆ ದಪ್ಪ ಹತ್ತೂವರೆ ಮಿಲಿಮೀಟರ್. ಕೊಳ್ಳುವ ಪೆನ್ನಿನ ಅಳತೆ ಅದರ ಹತ್ತಿರ ಇರಲಿ. ಅಲ್ಲಿ ಲೋಹ ಇದ್ದರೆ ಬೆವರಿದ ಬೆರಳು ಜಾರುತ್ತದೆ. ಜಾರಿದರೆ ಇನ್ನೂ ಬಿಗಿ ಹಿಡಿಯುತ್ತೀರಿ, ನೋವು ಅಲ್ಲೇ ಉಳಿಯುತ್ತದೆ.

ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಕೈ ನಿಮ್ಮದು. ಮೊದಲ ವಾರ ಬೇಕೆಂದೇ ನಿಧಾನವಾಗಿ, ಹಗುರವಾಗಿ ಬರೆಯಿರಿ. ಒತ್ತಿದರೆ ನಿಬ್ಬಿನ ಎರಡು ಅರ್ಧಗಳು ಅಗಲವಾಗುತ್ತವೆ. ಆಮೇಲೆ ಪೆನ್ನನ್ನು ಬೈದು ಪ್ರಯೋಜನ ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆನ್ನು ತರಿಸಿದೆ. ತೊಳೆದೆ, ತುಂಬಿದೆ, ಮೂರು ದಿನ ಮಲಗಿಸಿಟ್ಟೆ. ನಾಲ್ಕನೆಯ ದಿನ ಮೊದಲ ಅಕ್ಷರವೇ ಬಂತು! ತಲೆಕಟ್ಟುಗಳೂ ತಪ್ಪಲಿಲ್ಲ. ಇನ್ನೊಂದು ಸಂದೇಹ. ಕನ್ವರ್ಟರ್ ತೆಗೆದು, ಡ್ರಾಪರಿನಲ್ಲಿ ಇಂಕನ್ನು ನೇರ ಪೆನ್ನಿನ ಹೊಟ್ಟೆಗೇ ತುಂಬಬಹುದು ಅಂತ ಮಾರುವವರು ಹೇಳುತ್ತಿದ್ದಾರೆ. ಮಾಡಬಹುದಾ?

ಮೊದಲು ಉತ್ತರಿಸಿದವರು:

ಬಹಳ ಸಂತೋಷವಾಯಿತು. ತುಂಬಬಹುದು, ಆದರೆ ಮೊದಲು ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಲೋಹ ಇರಬಾರದು, ಇಂಕು ತಗುಲಿ ತುಕ್ಕು ಹಿಡಿಯುತ್ತದೆ. ಹಿಂತುದಿಯಲ್ಲಿ ತೂತೂ ಇರಬಾರದು. ಹೊಟ್ಟೆಯನ್ನು ತಿರುಗಿಸಿ ಕೂರಿಸುವ ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರ್ ರಿಂಗನ್ನು ಅದು ಹಾಳು ಮಾಡುತ್ತದೆ. ಇಂಕು ಕಾಲು ಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿ. ಹೊಟ್ಟೆ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ನೂಕುತ್ತದೆ, ಬರೆಯುತ್ತಿರುವ ಪುಟದ ಮೇಲೇ ಹನಿ ಬೀಳುತ್ತದೆ.

ಮೊದಲ ಸಲ ಇಂಕು ಬೇಡ, ನೀರು ತುಂಬಿ. ರಾತ್ರಿ ಪೆನ್ನನ್ನು ತೆಳುವಾದ ಕಾಗದದ ಮೇಲೆ ಮಲಗಿಸಿಡಿ. ಬೆಳಿಗ್ಗೆ ಥ್ರೆಡ್ ಇರುವ ಜಾಗದ ಕೆಳಗೆ ಕಾಗದ ಸುಕ್ಕಾಗಿಲ್ಲ ಅಂದರೆ ಧೈರ್ಯವಾಗಿ ಇಂಕು ತುಂಬಿ.