ಎತ್ತಿನ ಭುಜ ಹತ್ತಲು ಊರುಗೋಲು, ಮೇಲೆ ಹೋದ ಮೇಲೆ ಕ್ಯಾಮೆರಾ ಕೋಲು: ನಮ್ಮ ಮೂವರ ಅನುಭವ

ಹಾಸನದವರೊಬ್ಬರು ಕೇಳಿದ್ದಾರೆ. ರಜೆ ಸಿಕ್ಕಾಗೆಲ್ಲ ಜೇನುಕಲ್ಲು ಗುಡ್ಡ, ಎತ್ತಿನ ಭುಜ ಬೆಟ್ಟ ಅಂತ ಹೋಗುತ್ತಾರಂತೆ. ಇಳಿಯುವಾಗ ಮಂಡಿ ನೋವು, ಟ್ರೈಪಾಡ್ ಹೊರಲು ಭಾರ. ಊರಿಕೊಂಡು ನಡೆಯಲೂ ಆಗಬೇಕು, ಕ್ಯಾಮೆರಾ ಕೂರಿಸಲೂ ಆಗಬೇಕು, ಅಂಥ ಹಗುರ ಕೋಲು ಯಾವುದು ಅನ್ನುವುದು ಪ್ರಶ್ನೆ. ನಾನು ಚಿಕ್ಕಮಗಳೂರಿನವನು. ನಾನು, ಸಕಲೇಶಪುರದ ನನ್ನ ಗೆಳೆಯ, ನಮ್ಮ ಚಿಕ್ಕಪ್ಪ, ಮೂವರೂ ಇದಕ್ಕೆ ಮೂರು ಬೇರೆ ದಾರಿ ಹಿಡಿದವರು. ಮೂರನ್ನೂ ಹೇಳುತ್ತೇನೆ.

ನಾನು ಮೊದಲು ತಂದದ್ದು ಮೊನೊಪಾಡ್, ಅಂದರೆ ಒಂದರೊಳಗೊಂದು ಕೂರುವ ಕೊಳವೆಗಳ, ಒಂದೇ ಕಾಲಿನ ಕ್ಯಾಮೆರಾ ಕೋಲು. ಕೆಳಗೆ ರಬ್ಬರ್ ಪಾದ, ಅದನ್ನು ತಿರುಗಿಸಿದರೆ ಒಳಗಿಂದ ಮೊಳೆ ಬರುತ್ತದೆ, ಕೈಗೆ ಪಟ್ಟಿಯೂ ಇದೆ, ಇನ್ನೇನು ಬೇಕು ಅಂದುಕೊಂಡೆ. ಮಳೆ ಬಿಟ್ಟ ಮೇಲೆ ಎತ್ತಿನ ಭುಜಕ್ಕೆ ಹೋದೆ. ಭೈರಾಪುರದ ದೇವಸ್ಥಾನದ ಕಡೆಯಿಂದ ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಇಳಿಯುವಾಗ, ಆ ಕೊನೆಯ ಕಡಿದಾದ ಬಂಡೆಯ ಹತ್ತಿರ, ಪೂರ್ತಿ ಭಾರ ಬಿಟ್ಟು ಊರಿದ ಕೂಡಲೇ ಕೋಲು ತನ್ನೊಳಗೇ ಸರ್ರನೆ ಇಳಿದುಹೋಯಿತು. ಮಂಡಿ ಬಂಡೆಗೆ ಹೊಡೆದು ಎರಡು ವಾರ ಮೆಟ್ಟಿಲು ಹತ್ತಲು ಆಗಲಿಲ್ಲ. ಕ್ಯಾಮೆರಾ ಬ್ಯಾಗಿನೊಳಗಿತ್ತು, ಉಳಿಯಿತು.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ಬಿಚ್ಚಿ ನೋಡಿದೆ. ಮೊನೊಪಾಡ್ ಮಾಡುವವರು ಲೆಕ್ಕ ಹಾಕುವುದು ನೇರವಾಗಿ ಕೆಳಕ್ಕೆ ಬೀಳುವ ಎರಡು ಮೂರು ಕೆಜಿ ಕ್ಯಾಮೆರಾವನ್ನು. ನಡೆಯುವಾಗ ಬೀಳುವುದು ಮನುಷ್ಯನ ಭಾರ. ಅದೂ ಓರೆಯಾಗಿ, ಜರ್ಕ್ ಹೊಡೆದು. ಜೊತೆಗೆ ತಿರುಚಿ ಬಿಗಿ ಮಾಡುವ ಲಾಕ್ ಆದರೆ ಅಂಗೈ ಹೊರಳಿದಂತೆಲ್ಲ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಹೋಗುತ್ತದೆ, ಒಳಗೆ ಕೆಸರು ನೀರು ಸೇರಿದರಂತೂ ಹಿಡಿತವೇ ಇರುವುದಿಲ್ಲ. ಅದಕ್ಕೇ ನನ್ನ ಮಾತು ಒಂದೇ: ಇದನ್ನು ಊರುಗೋಲು ಅಂತ ಆರಿಸಿ, ಕ್ಯಾಮೆರಾ ಸ್ಕ್ರೂ ಇದೆಯಾ ಅಂತ ಆಮೇಲೆ ನೋಡಿ. ಚಿತ್ರ ಅಲುಗಿದರೆ ಇನ್ನೊಂದು ತೆಗೆಯಬಹುದು, ಮಂಡಿ ಹಾಗಲ್ಲ ಅಲ್ವಾ?

ಗೆಳೆಯನದು ಟ್ರೆಕ್ಕಿಂಗ್ ಪೋಲ್. ಹಿಡಿಯ ಮೇಲಿನ ಗುಂಡು ಬಿಚ್ಚಿದರೆ ಕಾಲು ಇಂಚಿನ ಸ್ಕ್ರೂ ಸಿಗುತ್ತದೆ, ಕ್ಯಾಮೆರಾ ನೇರವಾಗಿ ಅದರ ಮೇಲೆ ಕೂರುತ್ತದೆ. ಮ್ಯಾನ್‌ಫ್ರೋಟೊದವರು ಆಫ್ ರೋಡ್ ಅಂತ ಒಂದು ಜೋಡಿ ಕೋಲು ಮಾಡಿದ್ದರು, ಜೋಡಿಯಲ್ಲಿ ಒಂದಕ್ಕೆ ಇದೇ ಥರದ ಸ್ಕ್ರೂ ಇತ್ತು. ಇಂಥ ಕೋಲಿನ ತೂಕ 300 ಗ್ರಾಂ ಆಸುಪಾಸು. ಸಾಧಾರಣ ಟ್ರೈಪಾಡ್ ಒಂದೂವರೆ ಕೆಜಿ. ಮುಳ್ಳಯ್ಯನಗಿರಿಗೆ ಸರ್ಪದಾರಿಯಲ್ಲಿ ಹತ್ತುವಾಗ ಈ ವ್ಯತ್ಯಾಸ ಬೆನ್ನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಅದರಲ್ಲೂ ಕೊರತೆ ಇದೆ. ಪೂರ್ತಿ ಎಳೆದರೂ 130, 135 ಸೆಂಟಿಮೀಟರ್, ಅಂದರೆ ಕಣ್ಣಿನ ಮಟ್ಟಕ್ಕೆ ಬರುವುದಿಲ್ಲ. ಗೆಳೆಯ ಇಳಿಜಾರಿನಲ್ಲಿ ಕೋಲನ್ನು ತನಗಿಂತ ಸ್ವಲ್ಪ ಮೇಲೆ ಊರಿ, ತಾನು ಕೆಳಗೆ ನಿಲ್ಲುತ್ತಾನೆ. ಇಲ್ಲವೇ ಮಂಡಿಯೂರುತ್ತಾನೆ. ಕ್ಯಾಮೆರಾದ ಪರದೆ ಮೇಲಕ್ಕೆ ಮಡಚುವಂತಿದ್ದರೆ ಎದೆ ಮಟ್ಟದಲ್ಲೇ ನೋಡಿಕೊಳ್ಳಬಹುದು. ಇನ್ನು ಆ ಗುಂಡು! ಮೊದಲ ತಿಂಗಳಲ್ಲೇ ಹುಲ್ಲಿನಲ್ಲಿ ಬಿದ್ದು ಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ, ಇಂಬಳ ಹತ್ತಿಸಿಕೊಂಡು ಬಂದದ್ದಷ್ಟೇ. ಕೊಂಡ ದಿನವೇ ಅದಕ್ಕೊಂದು ದಾರ ಕಟ್ಟಿ.

ಚಿಕ್ಕಪ್ಪನದು ಕೊಂಡ ಕೋಲೇ ಅಲ್ಲ. ತೋಟದಲ್ಲಿ ಕಿತ್ತ ಹಳೆ ಕಾಫಿ ಗಿಡದ ಕಾಂಡ, ಗಟ್ಟಿ ಮರ. ಬಡಗಿಯ ಹತ್ತಿರ ಕೋಲಿನ ತಲೆಗೆ ಬೋಲ್ಟ್ ಕೂರಿಸಿ ಅರಾಲ್ಡೈಟ್ ಅಂಟು ಹಾಕಿಸಿದ್ದಾರೆ. ಮಡಚಲು ಆಗದು, ಭಾರವೂ ಜಾಸ್ತಿ, ಆದರೆ ಲಾಕ್ ಇಲ್ಲದ ಮೇಲೆ ಜಾರುವ ಮಾತೇ ಇಲ್ಲ. ನೀವೂ ಮಾಡಿಸುವುದಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ಬೋಲ್ಟ್ ಅಂತಲೇ ಕೇಳಿ, ಇಂಚಿಗೆ 20 ಸುತ್ತಿನದು. ಎಂ6 ಕೊಟ್ಟರೆ ಬೇಡ ಅನ್ನಿ. ನೋಡಲು ಎರಡೂ ಒಂದೇ ಥರ. ಎಂ6 ದಪ್ಪ 6 ಮಿಲಿಮೀಟರ್, ಕ್ಯಾಮೆರಾಕ್ಕೆ ಬೇಕಾದದ್ದು 6.35. ಸಣ್ಣದು ಒಂದೆರಡು ಸುತ್ತು ಹೋಗಿ ಕೂತಂತೆ ಅನ್ನಿಸುತ್ತದೆ, ಆದರೆ ಹಿಡಿಯುವುದಿಲ್ಲ. ಬಲವಂತ ಮಾಡಿದರೆ ಕ್ಯಾಮೆರಾ ತಳದ ತೂತಿನೊಳಗಿನ ಸುತ್ತುಗಳೇ ಹಾಳು.

ಒಂದು ಕಾಲಿನ ಕೋಲಿನಿಂದ ಏನು ನಿರೀಕ್ಷಿಸಬೇಕು ಅನ್ನುವುದೂ ಗೊತ್ತಿರಲಿ. ಬರಿಗೈಯಲ್ಲಿ ಶಟರ್ ವೇಗ 1/200 ಸೆಕೆಂಡ್ ಬೇಕಾದ ಕಡೆ 1/50ಕ್ಕೆ ಇಳಿಯಬಹುದು. ಶೋಲಾ ಕಾಡಿನ ನೆರಳಲ್ಲಿ ಕೂತ ಹಕ್ಕಿಗೆ ಇದು ದೊಡ್ಡ ಸಹಾಯ. ಝರಿಯ ನೀರು ಹಾಲಿನಂತೆ ಕಾಣಬೇಕು, ರಾತ್ರಿ ನಕ್ಷತ್ರ ಬೇಕು ಅಂದರೆ ಆಗುವುದಿಲ್ಲ. ಅದಕ್ಕೆ ನಾನು ಅರ್ಧ ಕೆಜಿ ಹೆಸರುಕಾಳು ತುಂಬಿದ ಬಟ್ಟೆ ಚೀಲ ಒಯ್ಯುತ್ತೇನೆ, ಬಂಡೆ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ.

ಈಗ ನಾನು ಬಳಸುತ್ತಿರುವುದು ಅಲ್ಯೂಮಿನಿಯಂ ಟ್ರೆಕ್ಕಿಂಗ್ ಪೋಲ್, ಹೊರಗೆ ಕ್ಲಿಪ್ ಒತ್ತುವ ಲಾಕ್. ಕಾರ್ಬನ್ ಹಗುರ ನಿಜ, ಆದರೆ ಕಲ್ಲಿನ ಸಂದಿಯಲ್ಲಿ ಸಿಕ್ಕಿ ಪೆಟ್ಟು ಬಿದ್ದರೆ ಬಿರಿಯುತ್ತದೆ. ಅಲ್ಯೂಮಿನಿಯಂ ಬಗ್ಗುತ್ತದೆ, ಬಗ್ಗಿದ ಕೋಲು ಹಿಡಿದು ಮನೆ ಸೇರಬಹುದು. ಕೆಸರಿಗೆ ಮೊಳೆ, ಒಣ ಬಂಡೆಗೆ ರಬ್ಬರ್ ಟೋಪಿ. ಸಮತಟ್ಟು ನೆಲದಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಇನ್ನೂ ಐದರಿಂದ ಹತ್ತು ಸೆಂಟಿಮೀಟರ್ ಜಾಸ್ತಿ ಮಾಡಿ. ನಿಮ್ಮ ಮಂಡಿಗೆ ಇದೊಂದರಿಂದಲೇ ಬಹಳ ವ್ಯತ್ಯಾಸ ಕಾಣಬಹುದು. ಕ್ಯಾಮೆರಾ ಸಿಕ್ಕಿಸಿಕೊಂಡೇ ನಡೆಯಬೇಡಿ. ಮನೆಗೆ ಬಂದ ಮೇಲೆ ಕೊಳವೆ ಬಿಚ್ಚಿ ಒರೆಸಿ ಒಣಗಿಸಿ, ಲಾಕಿಗೆ ಎಣ್ಣೆ ಮಾತ್ರ ಹಾಕಬೇಡಿ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಕೇಳಿದರೆ ಫೋಟೋ ಆಸೆ ಬಿಟ್ಟು ಕೋಲು ಮಡಚಿ ಬೋಳು ಗುಡ್ಡದಿಂದ ಕೆಳಗಿಳಿಯಿರಿ.

ಆನ್‌ಲೈನಲ್ಲಿ ತರಿಸುವ ಬದಲು ಅಂಗಡಿಗೇ ಹೋಗಿ. ಕೋಲು ಪೂರ್ತಿ ಎಳೆದು ಲಾಕ್ ಮಾಡಿ, ಎರಡೂ ಕೈಯಿಂದ ಇಡೀ ಮೈಭಾರ ಬಿಡಿ, ಹಾಗೇ ಹಿಡಿ ತಿರುಚಿ ನೋಡಿ. ಒಂದು ಕೂದಲೆಳೆ ಜಾರಿದರೂ ಬೇಡ. ನಿಮ್ಮ ಹತ್ತಿರ ಯಾವ ಲೆನ್ಸ್ ಇದೆ ಅಂತ ಬರೆದಿಲ್ಲ. ಒಂದು ಕೆಜಿ ದಾಟುವ ಜೂಮ್ ಆದರೆ ಬೇರೆ ಮಾತು, ಲೆನ್ಸಿನ ಸುತ್ತಲೇ ಬಳೆಯಂಥ ಪಟ್ಟಿ ಹಾಕಿ ಅದನ್ನು ಕೋಲಿಗೆ ಕೂರಿಸಬೇಕಾಗುತ್ತದೆ, ಈ ಸಣ್ಣ ಗುಂಡಿನ ಸ್ಕ್ರೂ ಸಾಲದು. ಯಾವುದು ಅಂತ ತಿಳಿಸಿ, ಗೆಳೆಯನನ್ನೂ ಕೇಳಿ ಹೇಳುತ್ತೇನೆ.