ಮಹದೇವಪೇಟೆಯಲ್ಲಿ ಸರಕು ಇಳಿಸಲು ಗಾಡಿ ನಿಲ್ಲಿಸುವುದೆಲ್ಲಿ?

ಪ್ರಶ್ನೆ: ಸರಕು ವಾಹನದ ಚಾಲಕ, ಮಡಿಕೇರಿ

ಕುಶಾಲನಗರದ ಗೋದಾಮಿನಿಂದ ಮಡಿಕೇರಿಯ ಅಂಗಡಿಗಳಿಗೆ ದಿನಸಿ ತಲುಪಿಸುವ ಸಣ್ಣ ಗಾಡಿಯನ್ನು ನಾನು ಓಡಿಸುತ್ತೇನೆ. ಮಹದೇವಪೇಟೆಯ ಒಂದು ಅಂಗಡಿಗೆ ಹತ್ತು ಮೂಟೆ ಅಕ್ಕಿ ಇಳಿಸಲು ಕಾಲು ಗಂಟೆ ಸಾಕು. ಆ ಕಾಲು ಗಂಟೆ ನಿಲ್ಲುವ ಜಾಗಕ್ಕಾಗಿ ಪೇಟೆಯನ್ನು ಎರಡು ಸಲ ಸುತ್ತಬೇಕಾಗುತ್ತದೆ. ದೂರದಲ್ಲಿ ನಿಲ್ಲಿಸಿದರೆ 25 ಕಿಲೋ ಮೂಟೆ ಹೊತ್ತು ಏರು ಹತ್ತಬೇಕು, ಮಳೆಗಾಲದಲ್ಲಂತೂ ಅಂಗಡಿ ಮುಟ್ಟುವುದರೊಳಗೆ ಚೀಲ ನೆನೆದು ವಾಪಸ್ಸು ಬರುತ್ತದೆ. ಶುಕ್ರವಾರದ ಸಂತೆಯ ದಿನ ಹೇಳುವುದೇ ಬೇಡ. ಕಳೆದ ವಾರ ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಎರಡನೆಯ ಮೂಟೆ ಇಳಿಸುವಷ್ಟರಲ್ಲಿ ದಂಡ ಬಿತ್ತು. ಸರಕು ಇಳಿಸಲೆಂದೇ ಜಾಗ ಗೊತ್ತುಪಡಿಸಲು ಕಾನೂನಿನಲ್ಲಿ ಅವಕಾಶವಿದೆಯೇ? ಬೇರೆ ಊರುಗಳಲ್ಲಿ ಏನು ಮಾಡುತ್ತಾರೆ?

ಉತ್ತರ 1: ವಕೀಲರು, ಮಡಿಕೇರಿ

ಅವಕಾಶವಿದೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಂತೆ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ವಾಹನಗಳು ನಿಲ್ಲಬಹುದಾದ ಸ್ಥಳಗಳನ್ನು ನಿರ್ದಿಷ್ಟ ಅವಧಿಗೂ ಗೊತ್ತುಮಾಡಬಹುದು. ಅಲ್ಲಿಯವರೆಗೆ, ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ನಿಲ್ಲಿಸುವುದನ್ನು ನಿಷೇಧಿಸುವ 122ನೇ ಕಲಮಿನ ಎದುರು ‘ಸರಕು ಇಳಿಸುತ್ತಿದ್ದೆ’ ಎಂಬ ಉತ್ತರ ನಿಲ್ಲುವುದು ಕಷ್ಟ. ಒಬ್ಬರೇ ಅರ್ಜಿ ಕೊಡುವುದಕ್ಕಿಂತ ಅಂಗಡಿಯವರ ಸಹಿಯನ್ನೂ ಸೇರಿಸಿ, ಜಾಗವನ್ನೂ ವೇಳೆಯನ್ನೂ ಹೆಸರಿಸಿ ಕೊಡಿ. ‘ವ್ಯವಸ್ಥೆ ಮಾಡಿಕೊಡಿ’ ಎಂದಷ್ಟೇ ಬರೆದ ಅರ್ಜಿಯನ್ನು ಯಾರೂ ತೆರೆದು ನೋಡುವುದಿಲ್ಲ.

ಉತ್ತರ 2: ವಿರಾಜಪೇಟೆಯವರು, ಈಗ ಬಾರ್ಸಿಲೋನಾದಲ್ಲಿ

ನಾನಿರುವ ಊರಿನಲ್ಲಿ ಸರಕು ವಾಹನಗಳಿಗೆ ರಸ್ತೆಯಂಚಿನಲ್ಲಿ ಗೆರೆ ಎಳೆದ ಜಾಗಗಳಿದ್ದು, ಸಾಮಾನ್ಯವಾಗಿ 30 ನಿಮಿಷ ಮಾತ್ರ ನಿಲ್ಲಬಹುದು. ಚಾಲಕರು ಬಂದ ಕೂಡಲೇ ಮೊಬೈಲ್ ಆ್ಯಪಿನಲ್ಲಿ ದಾಖಲಿಸುತ್ತಾರೆ. ಆ್ಯಪ್ ಬರುವ ಮೊದಲು, ಬಂದ ವೇಳೆಯನ್ನು ತೋರಿಸುವ ರಟ್ಟಿನ ಗಡಿಯಾರವನ್ನು ಗಾಜಿನ ಹಿಂದೆ ಇಡುತ್ತಿದ್ದರಂತೆ. ಮಡಿಕೇರಿಗೆ ಆ ರಟ್ಟೇ ಸಾಕು ಎಂದು ನನ್ನ ಅಭಿಪ್ರಾಯ. ಅವಧಿ ಚಿಕ್ಕದಾಗಿದ್ದರೆ ಒಂದೇ ಜಾಗದಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಏಳೆಂಟು ಗಾಡಿಗಳು ಖಾಲಿಯಾಗಿ ಹೋಗಬಹುದು. ಹೊಸದಾಗಿ ರಸ್ತೆ ಅಗಲಿಸಬೇಕಾಗಿಲ್ಲ, ಗುಡ್ಡದ ಊರಿನಲ್ಲಿ ಅಗಲಿಸಲು ನೆಲವೂ ಇಲ್ಲ.

ಉತ್ತರ 3: ದಿನಸಿ ಅಂಗಡಿಯವರು

ಪ್ರವಾಸಿಗರ ಕಾರುಗಳಿಂದಲೇ ತೊಂದರೆ ಎಂದು ಬರೆಯಲು ಕುಳಿತಿದ್ದೆ. ವಾರಾಂತ್ಯದ ಮಟ್ಟಿಗೆ ಅದು ನಿಜ. ಆದರೆ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಅಂಗಡಿಯ ಮುಂದೆ ನಿಲ್ಲುವ ಕಾರು ನನ್ನದೇ. ಪಕ್ಕದಲ್ಲಿರುವುದು ಬಟ್ಟೆ ಅಂಗಡಿಯವರದು. ಅವೆರಡೂ ರಾತ್ರಿ ಬಾಗಿಲು ಹಾಕುವವರೆಗೆ ಕದಲುವುದಿಲ್ಲ, ಮೂಟೆ ತಡವಾಯಿತೆಂದು ಚಾಲಕರ ಮೇಲೆ ರೇಗುವವನೂ ನಾನೇ. ಏಳರಿಂದ ಹತ್ತರವರೆಗೆ ಆ ಜಾಗವನ್ನು ಬಿಡುವುದಾದರೆ ಅರ್ಜಿಗೆ ನಾನು ಸಹಿ ಹಾಕುತ್ತೇನೆ, ಬಟ್ಟೆ ಅಂಗಡಿಯವರನ್ನೂ ಕೇಳುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಏಳು ಗಂಟೆಗೆ ನಾನು ಬರಬಲ್ಲೆ ಸಾರ್. ಆದರೆ ಆ ಹೊತ್ತಿಗೆ ಅಂಗಡಿಯ ಬಾಗಿಲು ತೆರೆದಿರುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.