ಕಾಕಾ, ಶ್ರೀಶೈಲಕ್ಕ ನಡಕೊಂಡು ಹೋಗೂದಾದ್ರ ಈಗಿಂದನ ಶುರು ಮಾಡ್ರಿ

ಕಾಕಾ, ನಿಮ್ಮ ಮೆಸೇಜ್ ಕೇಳಿದೆ. ರಿಟೈರ್ ಆಗೇತಿ, ಈ ಯುಗಾದಿಗೆ ಇಳಕಲ್ಲಿನಿಂದ ಶ್ರೀಶೈಲದ ಮಲ್ಲಯ್ಯನ ಪಾದಯಾತ್ರೆಗೆ ಹೊಂಟೀನಿ, 61 ವಯಸ್ಸಿಗೆ ಆ ಕಾಡಿನ ದಾರಿ ಆಗತೈತೇನು ಅಂತ ಕೇಳೀರಿ. ಉತ್ತರ ಸ್ವಲ್ಪ ಉದ್ದ ಐತಿ, ಚಾ ಕುಡಕೋತ ಕೇಳ್ರಿ.

ಕಾಡಿಗೆ ಅಂಜಬ್ಯಾಡ್ರಿ. ಮಂದಿ ಸೋಲೂದು ಕಾಡಿನಾಗ ಅಲ್ಲ, ಡಾಂಬರದ ಮ್ಯಾಲ. ಲೆಕ್ಕ ಹಾಕಿ ನೋಡ್ರಿ: ಇಳಕಲ್, ಲಿಂಗಸುಗೂರು, ರಾಯಚೂರು, ಅಲ್ಲಿಂದ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಇಷ್ಟರೊಳಗ ಸುಮಾರು 300 ಕಿ.ಮೀ. ಬರೇ ರಸ್ತೆ. ಕಾಡಿನ ಹಾದಿ ಆತ್ಮಕೂರ ಹತ್ರದ ವೆಂಕಟಾಪುರದಿಂದ ಮುಂದ ಸುಮಾರು 40 ಕಿ.ಮೀ. ಅಷ್ಟ. ಬಸ್ಸಿನವರು ಆತ್ಮಕೂರಿನಿಂದ ದೋರ್ನಾಳ ಸುತ್ತಿ 100 ಕಿ.ಮೀ.ಗಿಂತ ಹೆಚ್ಚು ಹೋಗತಾರ, ನಡೆಯೋರಿಗೆ ಕಾಡು ಅಡ್ಡಹಾದಿ. ಗುಂಪಿನಿಂದ ಮನಿಗೆ ಮರಳಿ ಬರೋರು ಬಹಳ ಮಂದಿ ಮೂರನೇ, ನಾಲ್ಕನೇ ದಿನಾನ ಬರತಾರ. ಅಂಗಾಲ ಗುಳ್ಳಿ, ಇಲ್ಲಾ ಮೊಣಕಾಲು. ಆ ನಾಕು ದಿನ ದಾಟಿದ್ರ ಮುಂದ ಹೋಗತಾರ.

ಅದಕ್ಕ ತಯಾರಿ 12 ವಾರ ಮೊದಲ ಬೇಕು. ಯುಗಾದಿ ಮಾರ್ಚ್ ಅಥವಾ ಏಪ್ರಿಲ್, ಅಂದ್ರ ಡಿಸೆಂಬರ್‌ದಾಗ ಶುರು. ಮೊದಲನೇ ವಾರ ದಿನಕ್ಕ 5 ಕಿ.ಮೀ., ವಾರಕ್ಕ 5 ದಿನ. ಆಮ್ಯಾಲ ವಾರದ ಒಟ್ಟು ದೂರ ಹತ್ತರಾಗ ಒಂದು ಪಾಲಿನಷ್ಟ ಏರಸ್ರಿ, ಹೆಚ್ಚು ಬ್ಯಾಡ. ದಮ್ಮು ಮೂರು ವಾರಕ್ಕ ಸುಧಾರಿಸತೈತಿ, ಹಿಮ್ಮಡಿ ನರ, ಪಾದದ ಎಲುಬು ಗಟ್ಟಿ ಆಗಾಕ ತಿಂಗಳುಗಟ್ಟಲೆ ಬೇಕು. ದಮ್ಮು ಇದ್ದಷ್ಟು ಓಡಿದವ್ರಿಗೆ ಹಿಮ್ಮಡಿ ಹಿಡಕೊಳ್ಳೂದು ಇದಕ್ಕ. ಕೊನಿ ತಿಂಗಳದಾಗ ಎರಡು ಸಲನಾದ್ರೂ ಶನಿವಾರ 20, ರವಿವಾರ ಮತ್ತ 20 ನಡೀರಿ. ಒಂದ ದಿನ 30 ನಡೆದು ನಾಕು ದಿನ ಮಲಗೂದು ತಯಾರಿ ಅಲ್ಲ. ನೊಂದ ಕಾಲಿನ ಮ್ಯಾಲ ಮರುದಿನ ಏಳೂದನ್ನ ಕಲೀಬೇಕು.

ಬೂಟು. ಸಂಜಿಗೆ ಹೋಗಿ ಕೊಳ್ರಿ, ಆಗ ಪಾದ ಬಾತಿರತೈತಿ. ಎಂದಿನ ಅಳತಿಗಿಂತ ಒಂದು ಸೈಜ್ ದೊಡ್ಡದು, ಹೆಬ್ಬೆರಳಿನ ಮುಂದ ಒಂದು ಬೆರಳು ಜಾಗ ಇರಲಿ. ಹೊಸಾದನ್ನ ಯಾತ್ರಾದಾಗ ಹಾಕಬ್ಯಾಡ್ರಿ, ಕಡಿಮಿ ಅಂದ್ರೂ 100 ಕಿ.ಮೀ. ಅದರಾಗ ನಡೆದಿರಬೇಕು. ಹತ್ತಿ ಸಾಕ್ಸ್ ಬ್ಯಾಡ, ಬೆವರು ಹಿಡಕೊಂಡು ಚರ್ಮ ಮೆತ್ತಗ ಮಾಡತಾವ, ಮೆತ್ತಗಾದ ಚರ್ಮಾನ ಗುಳ್ಳಿ ಏಳೂದು. ಪಾಲಿಯೆಸ್ಟರ್ ಮಿಶ್ರದ್ದು 3 ಜೋಡಿ ಇಟಕೊಳ್ರಿ, ನಡುವ ಒಮ್ಮೆ ಬದಲಸ್ರಿ. ಎಲ್ಲೆರ ಉರಿ ಅನಿಸಿದ ಕೂಡಲೆ ಕುಂತು ಆ ಜಾಗಕ್ಕ ಔಷಧಿ ಅಂಗಡ್ಯಾಗ ಸಿಗೂ ಮೈಕ್ರೋಪೋರ್ ಟೇಪ್ ಹಚ್ಚರಿ. "ಮುಂದಿನ ಊರಿನಾಗ ನೋಡೂಣು" ಅಂದ್ರ ಅಲ್ಲಿಗೆ ಹೋಗೂದ್ರಾಗ ಗುಳ್ಳಿ ಆಗಿರತೈತಿ. ಸೂಜಿ ಚುಚ್ಚಿ ದಾರ ಬಿಡೂದು ನಮ್ಮ ಕಡೆ ರೂಢಿ. ಬ್ಯಾಡ, ದಾರದ ಗುಂಟ ಹೊಲಸು ಒಳಗ ಹೋಗತೈತಿ. ಸಕ್ಕರಿ ಇಲ್ಲದವ್ರು ನೋವು ಭಾಳ ಇದ್ರ ಸ್ವಚ್ಛ ಮಾಡಿದ ಸೂಜೀಲೆ ಅಂಚಿಗೆ ಚುಚ್ಚಿ ನೀರು ತಗೀಬಹುದು, ಮ್ಯಾಲಿನ ಚರ್ಮ ಕೀಳಬಾರದು.

ನೀವು ಬರಿಗಾಲೀಲೆ ನಡೆಯೂ ಹರಕಿ ಹೊತ್ತೀರಿ ಅಂತ ಕಾಕೂ ಹೇಳಿದ್ರು. ನಿಮಗ ಸಕ್ಕರಿ ಐತಿ. ಸಕ್ಕರಿ ಇದ್ದವ್ರಿಗೆ ಅಂಗಾಲಿನ ಅರಿವು ಕಡಿಮಿ ಆಗಿರಬಹುದು, ಆಗ ಮಧ್ಯಾಹ್ನ ಡಾಂಬರ ಕಾಯ್ದಾಗ ಸುಟ್ಟಿದ್ದೂ ಗೊತ್ತಾಗೂದಿಲ್ಲ. ಬರಿಗಾಲು ಬೇಕಂದ್ರ ಗುಡಿ ಮುಂದಿನ ಕೊನೀ ಹಾದಿ ನಸುಕಿನಾಗ ನಡೀರಿ, ಸಾಕು. ದಿನಾ ಸಂಜಿಗೆ ಅಂಗಾಲಿಗೆ ಕನ್ನಡಿ ಹಿಡಿದು ನೋಡ್ರಿ, ಗುಳ್ಳಿ ಎದ್ರ ನೀವು ಚುಚ್ಚಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ.

ಗುಳಿಗಿ ಸುದ್ದಿ ಇಲ್ಲೇ ಹೇಳಿಬಿಡತೀನಿ. ಸಕ್ಕರಿಗೆ ಗ್ಲಿಮೆಪಿರೈಡ್ ಅಂಥಾ ಗುಳಿಗಿ ತಗೊಂಡು ದಿನಕ್ಕ 25 ಕಿ.ಮೀ. ನಡೆದ್ರ ಸಕ್ಕರಿ ಧಡಕ್ಕನ ಇಳೀಬಹುದು: ಕೈ ನಡುಕ, ಬೆವರು, ತಲಿ ತಿರಗೂದು. ಗ್ಲೂಕೋಸ್ ಕಿಸೆದಾಗ ಇರಲಿ, ಬ್ಯಾಗಿನಾಗ ಅಲ್ಲ. ಬಿಪಿಗೆ ಮೂತ್ರ ಹೆಚ್ಚು ಹೋಗೂ ಗುಳಿಗಿ ಇದ್ರ ಬ್ಯಾಸಿಗಿ ಬಿಸಿಲಾಗ ಮೈಯಾಗಿನ ನೀರು ಜಲ್ದಿ ತೀರತೈತಿ. ಎರಡೂ ಗುಳಿಗಿ ನೀವೇ ಬಿಡಬ್ಯಾಡ್ರಿ, ತಿಂಗಳ ಮೊದಲ ಡಾಕ್ಟರ ಹತ್ರ ಕೇಳಿ ಪ್ರಮಾಣ ಬರೆಸಿಕೊಳ್ರಿ. ಕಾಲ ನೋವಿಗೆ ಗುಂಪಿನಾಗ ಎಲ್ಲಾರೂ ಡೈಕ್ಲೋಫೆನಾಕ್ ಹಂಚತಾರ, ನೀರು ಕಡಿಮಿ ಆದ ಮೈಗೆ ಅದು ಕಿಡ್ನಿಗೆ ಪೆಟ್ಟು. ಪ್ಯಾರಾಸಿಟಮಾಲ್ ನಡೀತೈತಿ.

ನಡೆಯೂ ಹೊತ್ತು: ಮುಂಜಾನೆ 3ಕ್ಕ ಎದ್ದು 3.30ಕ್ಕ ಹೊರಡ್ರಿ, 10ರೊಳಗ ನೆರಳು ಸೇರ್ರಿ. ಮತ್ತ ಸಂಜಿ 4.30ರ ಮ್ಯಾಲ. ಕತ್ತಲ್ದಾಗ ಬ್ಯಾಗಿನ ಹಿಂದ, ಮುಂದ ಹೊಳೆಯೂ ಟೇಪ್ ಇರಲೇಬೇಕು, ಬಲಕ್ಕ ನಡೀರಿ, ಎದುರಿನ ಗಾಡಿ ಕಾಣಬೇಕು. ರಸ್ತೆ ಅಂಚು ಇಳಿಜಾರ ಇರತೈತಿ, ದಿನಗಟ್ಟಲೆ ಒಂದ ಕಾಲು ತಗ್ಗಿನಾಗ ಬಿದ್ರ ಮೊಣಕಾಲಿನ ಹೊರಮೈ ನೋಯತೈತಿ. ಮಣ್ಣಿನ ಸಮ ಜಾಗ ಸಿಕ್ಕಲ್ಲೆಲ್ಲಾ ಅದರ ಮ್ಯಾಲ ಇಳೀರಿ. ತಾಸಿಗೆ 4 ಕಿ.ಮೀ. ಸಾಕು. ಹುಡುಗರು ಮುಂದ ಹೋದ್ರ ಹೋಗಲಿ.

ನೀರು ತಾಸಿಗೆ ಅರ್ಧ ಲೀಟರ್. ಬರೇ ನೀರು ಕುಡಕೋತ ಹೋದ್ರ ಮೈಯಾಗಿನ ಉಪ್ಪು ತೆಳ್ಳಗಾಗಿ ತಲಿನೋವು, ವಾಂತಿ. ಓಆರ್‌ಎಸ್ ಒಂದು ದೊಡ್ಡ ಪಾಕೀಟಿಗೆ ಪೂರಾ 1 ಲೀಟರ್ ನೀರು, ಗ್ಲಾಸಿನಾಗ ಗಟ್ಟಿ ಕಲಸಬ್ಯಾಡ್ರಿ. ದಿನಕ್ಕ ಎಷ್ಟು ಅನ್ನೂದು ಅದರಾಗಿನ ಸಕ್ಕರಿ ಲೆಕ್ಕಕ್ಕ ಡಾಕ್ಟರ ಹೇಳಲಿ. ನಿಮಗ ಮಜ್ಜಗಿ, ಉಪ್ಪೇ ಚೊಲೋ. ದಾರಿಗುಂಟ ಊರವರು ಭಕ್ತಿಲೆ ಮಜ್ಜಗಿ, ಶರಬತ್ತು, ಹೋಳಿಗಿ ಕೊಡತಾರ. ಬಿಸಿ ಅಡಗಿ ಉಣ್ರಿ. ಬರ್ಫದ ಶರಬತ್ತು, ಕೊಯ್ದಿಟ್ಟ ಕಲ್ಲಂಗಡಿ ಮುಟ್ಟಬ್ಯಾಡ್ರಿ, ಭೇದಿ ಶುರುವಾದ್ರ ಯಾತ್ರಾ ಅಲ್ಲಿಗೆ ಮುಗೀತು. ಕಟಕ ರೊಟ್ಟಿ, ಶೇಂಗಾ ಚಟ್ನಿ ಜೋಡಿ ಇರಲಿ. ಹಾಸಿಗಿ, ಬಟ್ಟಿ ಎಲ್ಲಾ ಟೆಂಪೋದಾಗ ಹಾಕ್ರಿ, ಬೆನ್ನ ಮ್ಯಾಲ 4 ಕಿಲೋ ದಾಟಬಾರದು.

ಈಗ ಕಾಡು. ಅದು ಹುಲಿ ರಕ್ಷಿತಾರಣ್ಯ, ವರ್ಷಪೂರ್ತಿ ಬಿಡೂದಿಲ್ಲ. ಯಾವ ತಾರೀಖಿನಿಂದ ಹಾದಿ ತಗೀತಾರ ಅಂತ ಗುಂಪಿನವ್ರನ್ನ ಕೇಳ್ರಿ, ಎರಡು ದಿನ ಮೊದಲ ಹೋಗಿ ವೆಂಕಟಾಪುರದಾಗ ಕುಂತ್ರ ಕಷ್ಟ. ವೀರಭದ್ರನ ಗುಡಿ ಇರೂ ನಾಗಲೂಟಿ, ಆಮ್ಯಾಲ ಪೆದ್ದ ಚೆರುವು, ಕೊನಿಗೆ ನಮ್ಮ ಮಂದಿ ಭೀಮನ ಕೊಳ್ಳ ಅನ್ನೂ ಆಳದ ಕಣಿವಿ, ಅದನ್ನ ಏರಿದ್ರ ಶ್ರೀಶೈಲದ ಹೆಬ್ಬಾಗಿಲು ಅನ್ನೂ ಕೈಲಾಸ ಬಾಗಿಲು. ಎರಡು ದಿನ ಮಾಡಕೊಳ್ರಿ, ರಾತ್ರಿ ಗುಂಪು ಬಿಟ್ಟು ನಡೀಬ್ಯಾಡ್ರಿ. ಭೀಮನ ಕೊಳ್ಳದಾಗ ಏರು ದಮ್ಮು ತಗೀತೈತಿ, ಖರೇ ಪೆಟ್ಟು ಇಳಿಯೂದ್ರಾಗ, ತೊಡಿ ಸೋತಾಗ ಪೂರಾ ಭಾರ ಮೊಣಕಾಲಿಗೆ. ಕೈಯಾಗ ಕೋಲು ಹಿಡೀರಿ, ಒಂದೊಂದ ಮೆಟ್ಟಲ ಅಡ್ಡಡ್ಡ ಇಳೀರಿ. ಅದಕ್ಕ ಈಗಿಂದ ವಾರಕ್ಕ ಎರಡು ದಿನ ಮೆಟ್ಟಲ ಇಳಿಯೂದು ರೂಢಿ ಮಾಡ್ರಿ, ತಿಂಗಳಿಗೊಮ್ಮೆ ಬದಾಮಿ ಗುಡ್ಡಕ್ಕ ಹೋಗಿ ಬರ್ರಿ. ಕಾಡಿನೊಳಗ ಫೋನು ನಂಬಬ್ಯಾಡ್ರಿ. ಹೆಸರು, ಮನಿ ನಂಬರು, ಗುಳಿಗಿ ಹೆಸರು ಚೀಟಿಯೊಳಗ ಬರೆದು ಪ್ಲಾಸ್ಟಿಕ್ ಚೀಲದಾಗ ಕೊರಳಿಗೆ ಹಾಕ್ರಿ. ಖಾಲಿ ಬಾಟಲಿ ಅಲ್ಲಿ ಒಗೀಬ್ಯಾಡ್ರಿ, ಹೊರಗ ತರ್ರಿ.

ಮಲ್ಲಯ್ಯನ ಮಡದಿ ಭ್ರಮರಾಂಬಾ ನಮ್ಮ ಮನಿಮಗಳು ಅಂತ ಸೀರಿ, ಉಡಿ ಒಯ್ಯೂದು ಪದ್ಧತಿ ಐತಲ್ಲ, ಕಾಕೂ ಇಳಕಲ್ ಸೀರಿ ಈಗಾಗಲೇ ತಗದಿಟ್ಟಾರಂತ. ಅದನ್ನ ಟೆಂಪೋಕ್ಕ ಕೊಡ್ರಿ, ಎರಡು ಪದರ ಪ್ಲಾಸ್ಟಿಕ್‌ದಾಗ ಸುತ್ತಿ. ಮೊದಲ ಡಾಕ್ಟರ ಹತ್ರ ಹೋಗಿ ಬರ್ರಿ, ಬೂಟು ತಗೊಂಡ ಮ್ಯಾಲ ಗ್ರೂಪಿನಾಗ ಫೋಟೋ ಹಾಕ್ರಿ, ಬೆರಳಿನ ಜಾಗ ಸರಿ ಐತೋ ಇಲ್ಲೋ ನೋಡೂಣು.